ಫ್ಯಾನ್ ಆರಿಸಿ ಎದೆ ಕೇಳುತ್ತಿದ್ದವರು

ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಹೊರರೋಗಿಗಳ ಕೋಣೆಯಲ್ಲಿದ್ದೆ. ಅವರ ಮಗಳು ಕಳಿಸಿದ್ದ ಸಂದೇಶ ಎರಡೇ ಸಾಲು. ಬೆಳಗಿನ ಜಾವ ಹೋದರು, ನಾಳೆ ಹನ್ನೊಂದಕ್ಕೆ ನಮ್ಮೂರು ನರೋಣಾದಲ್ಲಿ ಮಣ್ಣು. ಓದಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟೆ. ಎದುರಿಗೆ ಕುಳಿತಿದ್ದ ಮುದುಕನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಬರೆದುಕೊಟ್ಟೆ. ಎರಡು ಗಂಟೆಯವರೆಗೆ ಸರದಿಯಲ್ಲಿದ್ದವರನ್ನೆಲ್ಲ ನೋಡಿದೆ. ಆಮೇಲೆ ಡಬ್ಬಿ ತೆರೆದು ಊಟ ಮಾಡಿದೆ. ಒಳಗೆ ಏನಾದರೂ ಆಗಬೇಕಿತ್ತು. ಆಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಸಂಗತಿಯಲ್ಲಿ ಇನ್ನೊಂದು ಮನೆಯ ದುಃಖವೂ ಸೇರಿದೆ. ಅದಕ್ಕೇ ಯಾವ ಆಸ್ಪತ್ರೆ ಎಂಬುದನ್ನೂ ಹೇಳುವುದಿಲ್ಲ.

ನಾನು ಓದು ಮುಗಿಸಿ ಗುತ್ತಿಗೆಯ ವೈದ್ಯೆಯಾಗಿ ಸೇರಿದಾಗ ಅವರ ನಿವೃತ್ತಿಗೆ ಮೂರು ವರ್ಷವಷ್ಟೇ ಉಳಿದಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಕಡೆಗೂ ವಾರದಲ್ಲಿ ಎರಡೆರಡು ದಿನ ಹೋಗಿ ನೋಡುವ ಫಿಜಿಶಿಯನ್ ಅವರು. ನನ್ನನ್ನೂ ಅವರ ಜೊತೆಗೆ ಹಾಕಿದ್ದರು. ಇಬ್ಬರ ಮನೆಯೂ ಕಲಬುರಗಿಯಲ್ಲೇ. ಹೀಗಾಗಿ ಬೆಳಿಗ್ಗೆ ಒಂದೇ ಬಸ್ಸು ಹತ್ತಿ, ಸಂಜೆ ಒಂದೇ ಬಸ್ಸಿನಲ್ಲಿ ಮರಳುತ್ತಿದ್ದೆವು. ತೆಳ್ಳಗಿನ ಆಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿ. ನರೋಣಾದಲ್ಲಿ ಅವರ ತಂದೆ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಅದನ್ನು ಅವರು ಹೆಮ್ಮೆಯಿಂದಲೂ ಹೇಳುತ್ತಿರಲಿಲ್ಲ, ಸಂಕೋಚದಿಂದಲೂ ಹೇಳುತ್ತಿರಲಿಲ್ಲ. ನಮ್ಮಪ್ಪ ಮಾಸ್ತರ ಇದ್ದರು ಎಂದು ನಾನು ಹೇಳುವಂತೆ ಹೇಳುತ್ತಿದ್ದರು.

ಹೃದಯದ ಕವಾಟದ ಕಾಯಿಲೆ ಅವರ ವಿಶೇಷ ಆಸಕ್ತಿ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಕೀಲುಗಳು ಬಾತು, ಜ್ವರ ಬಿಟ್ಟುಹೋದ ಮಕ್ಕಳಲ್ಲಿ ಕೆಲವರಿಗೆ ಹತ್ತಿಪ್ಪತ್ತು ವರ್ಷಗಳ ಮೇಲೆ ಹೃದಯದ ಎಡಗಡೆಯ ಕವಾಟ ಕೆಡುತ್ತದೆ. ಮೈಟ್ರಲ್ ಕವಾಟ ಎಂದು ಅದರ ಹೆಸರು. ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಯಂತ್ರ ಕಲಬುರಗಿಯಲ್ಲಿತ್ತು. ತಾಲೂಕಿನಲ್ಲಿ ನಮ್ಮ ಬಳಿ ಇದ್ದದ್ದು ಕೈ ಮತ್ತು ಕಿವಿ.

ಅವರು ಎದೆಗೆ ಸ್ಟೆತಾಸ್ಕೋಪು ಇಡುವ ಮೊದಲು ಬಹಳ ಹೊತ್ತು ಮಾತಾಡಿಸುತ್ತಿದ್ದರು. ಹೆಣ್ಣುಮಕ್ಕಳಾದರೆ ಅವರ ಮೊದಲ ಪ್ರಶ್ನೆ, "ನಳದಿಂದ ಕೊಡ ತುಂಬ್ಕೊಂಡ ಬರಾಗ ಹಾದ್ಯಾಗ ಎಷ್ಟ ಸಲ ಇಳಸ್ತಿ ತಾಯಿ?"

"ಎರಡ ಸಲ್ರಿ."

"ಹೋದ ವರ್ಷ?"

"ಹೋದ ವರ್ಷ ಇಳಸ್ತಿದ್ದಿಲ್ರಿ."

ಮುಂದಿನದು ಇನ್ನೊಂದು ಪ್ರಶ್ನೆ. "ಮೊದಲ ದಣಿವು ಬರ್ತದೋ, ಮೊದಲ ದಮ್ಮು ಬರ್ತದೋ?" ದಮ್ಮು, ಅಂದರೆ ಏದುಸಿರು, ಮೊದಲು ಎಂದರೆ ಕವಾಟ ಬಿಗಿಯಾಗಿರಬಹುದು, ದಣಿವು ಮತ್ತು ಎದೆಬಡಿತ ಮೊದಲು ಎಂದರೆ ಸೋರುತ್ತಿರಬಹುದು. ಇದು ಪಕ್ಕಾ ಲೆಕ್ಕವಲ್ಲ, ಬರೀ ಗುಮಾನಿ ಎಂದು ನನಗೆ ಎಚ್ಚರಿಸುತ್ತಿದ್ದರು. ಆಮೇಲೆ ಅಂಗೈಯನ್ನು ಎದೆಯ ಎಡಗಡೆ ಇಡುತ್ತಿದ್ದರು. ಕವಾಟ ಬಿಗಿಯಾಗಿದ್ದರೆ ಬೆರಳಿನಿಂದ ತಟ್ಟಿದಂತೆ ಸಣ್ಣದಾಗಿ ಬಡಿಯುತ್ತದೆ. ಸೋರುತ್ತಿದ್ದರೆ ಬಡಿತ ಎಡಕ್ಕೆ, ಕೆಳಕ್ಕೆ ಸರಿದಿರುತ್ತದೆ, ಕೈಯನ್ನೇ ಮೇಲೆತ್ತುತ್ತದೆ.

ಕೊನೆಗೆ ಕಿವಿ. "ಫ್ಯಾನ್ ಬಂದ್ ಮಾಡ್ರಿ," ಎನ್ನುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಜೇವರ್ಗಿಯ ಸೆಕೆಯಲ್ಲಿ ಫ್ಯಾನ್ ಆರಿಸುವುದೆಂದರೆ ಯಾರಿಗೂ ಇಷ್ಟವಿರುವ ಮಾತಲ್ಲ. ಒಮ್ಮೆ ನರ್ಸ್ ಗೊಣಗಿದಳು. ಸರ್ ಹೇಳಿದರು, "ಎರಡ ನಿಮಿಷ ಸೆಕಿ ತಡ್ಕೋರಿ ಸಿಸ್ಟರ್. ಆಕಿ ಆರ ತಿಂಗಳಿಂದ ದಮ್ಮ ತಡ್ಕೊಂಡಾಳ."

ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಾಸ್ಕೋಪಿನ ಸಣ್ಣ ಬಟ್ಟಲನ್ನು ಮೆಲ್ಲಗೆ ಇಟ್ಟು, ತಾವು ಕೇಳಿದ ಮೇಲೆ ನನಗೆ ಕೊಡುತ್ತಿದ್ದರು. ನಾನು ಕೇಳಿ ತಲೆಯೆತ್ತಿದರೆ ಅವರ ಪ್ರಶ್ನೆ ಕಾದಿರುತ್ತಿತ್ತು. "ಏನ ಕೇಳ್ಸಿತು?" ನಾನು ತೊದಲುತ್ತಿದ್ದೆ. ಆಗ ಅವರು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ವಿವರಿಸುತ್ತಿದ್ದರು. "ಬಾಗಲಾ ತೆರಿಯೋ ಹೊತ್ತಿನ್ಯಾಗ ಗುರ್ ಅಂದ್ರ ಬಾಗಲಾ ಬಿಗಿ ಆಗ್ಯಾದ. ಮುಚ್ಚಿರೋ ಹೊತ್ತಿನ್ಯಾಗ ಸುಂಯ್ ಅಂತ ಬಗಲಿನ ತನಕಾ ಹೋದ್ರ ಸೋರಾಕತ್ತದ. ನಡುವ ಟಕ್ ಅಂದು ಆಮ್ಯಾಲ ಸುಂಯ್ ಅಂದ್ರ ಬಾಗಲದ ಪಡದಿ ಹಿಂದಕ್ಕ ಜೋತದ. ಆಕಿನ್ನ ನಿಂದರಿಸಿ ಕೇಳ್ರಿ, ಕುಕ್ಕರಗಾಲಿಲೆ ಕುಂದರಿಸಿ ಕೇಳ್ರಿ. ಆ ಟಕ್ ಜಾಗಾ ಬದಲಿ ಮಾಡ್ತದ."

ಒಂದು ದಿನ ದೊಡ್ಡ ಹೊಲಮನೆಯವನೊಬ್ಬ ತನ್ನ ತಾಯಿಯನ್ನು ಕರೆತಂದ. ಸರ್ ಅಂಗೈ ಮುಂದೆ ಮಾಡಿದಾಗ ಮಗ ಅಡ್ಡ ಬಂದ. "ಕೈ ಯಾಕ್ರಿ? ಮಷೀನ್ ಅದಲ್ಲ, ಅದನ್ನ ಇಡ್ರಿ." ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಸರ್ ಊರಿನ ಯಾವ ಕೇರಿಯವರೆಂದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಸರ್‌ಗೂ ಗೊತ್ತಾಯಿತು. ಸರ್ ಎರಡು ಹೆಜ್ಜೆ ಹಿಂದೆ ಸರಿದು, "ಮೇಡಂ, ನೀವು ಕೈ ಇಡ್ರಿ," ಎಂದರು. ನಾನು ಇಟ್ಟೆ. "ಎಲ್ಲಿ ಹತ್ತಾಕತ್ತದ? ಎಷ್ಟನೇ ಎಲುಬಿನ ಸಂದಿ? ತಟ್ಟತದೋ, ಎತ್ತತದೋ?" ನಾನು ಹೇಳುತ್ತ ಹೋದೆ, ಅವರು ಗೋಡೆಗೆ ಆತು ನಿಂತು ಚೀಟಿ ಬರೆದರು. ಅವರು ಬರೆದದ್ದು ಸರಿಯಾಗಿತ್ತು. ಆ ಮಗ ಕೈ ಮುಗಿದು ಹೋದ. ಆದರೆ ಆಮೇಲಿನ ತಿಂಗಳುಗಳಲ್ಲಿ, ಮನೆಯವರು ಪಕ್ಕದಲ್ಲೇ ನಿಂತಿದ್ದರೆ, ಅವರು ಅಂಗೈ ಇಡುವುದು ಕಡಿಮೆಯಾಯಿತು. ನನ್ನ ಗಮನಕ್ಕೆ ಬಂದಿತ್ತು.

ಅದೇ ವರ್ಷ ಇನ್ನೂ ಕೆಲವು ಬದಲಾವಣೆಗಳಾದವು. ಅವರ ದನಿ ಮೆತ್ತಗಾಗುತ್ತ ಬಂತು. ರೋಗಿಗಳು, "ಏನಂದ್ರಿ ಸಾಹೇಬ್ರ?" ಎಂದು ಮುಂದಕ್ಕೆ ಬಾಗುತ್ತಿದ್ದರು. ನಿವೃತ್ತಿ ಹತ್ತಿರ ಬಂತಲ್ಲ, ಮನಸ್ಸು ಹಗುರಾಗಿಲ್ಲ ಎಂದುಕೊಂಡೆವು. ಕೋಣೆಯಲ್ಲಿ ಮೌನವಾಗಿರುತ್ತಿದ್ದವರು ಬಸ್ಸಿನ ಗದ್ದಲದಲ್ಲಿ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದರು. ಮತ್ತೆ, ಫ್ಯಾನ್ ಬಂದ್ ಮಾಡ್ರಿ ಎನ್ನುವುದನ್ನು ನಿಲ್ಲಿಸಿದ್ದರು. ಕಿವಿಯೊಳಗಿನ ಸಣ್ಣ ಎಲುಬು ಬಿಗಿದುಕೊಳ್ಳುವ ಒಂದು ಕಾಯಿಲೆಯಿದೆ. ತಗ್ಗಿದ ಸದ್ದುಗಳು ಮೊದಲು ಹೋಗುತ್ತವೆ, ತಮ್ಮ ದನಿ ತಮಗೇ ಜೋರಾಗಿ ಕೇಳಿಸುವುದರಿಂದ ಮೆಲ್ಲಗೆ ಮಾತಾಡತೊಡಗುತ್ತಾರೆ, ಗದ್ದಲದಲ್ಲೇ ಚೆನ್ನಾಗಿ ಕೇಳಿಸುತ್ತದೆ. ನಾನು ಇದನ್ನು ಓದಿ ಪರೀಕ್ಷೆಯಲ್ಲಿ ಬರೆದವಳು. ದಿನಾ ಅವರ ಪಕ್ಕದಲ್ಲಿ ಕುಳಿತೂ ನನಗೆ ಹೊಳೆಯಲಿಲ್ಲ.

ನಾನು ಹೇಳಿದ ಆ ಇನ್ನೊಂದು ಮನೆಯ ಹುಡುಗಿಗೆ ಇಪ್ಪತ್ತೆರಡು ವರ್ಷ. ಐದು ತಿಂಗಳ ಬಸುರಿ. ಅತ್ತೆ ಕರೆತಂದಿದ್ದಳು. ಹೊಲ ಇದ್ದ ಮನೆ, ಮಾತಿನಲ್ಲಿ ನೇರವಾದ ಹೆಂಗಸು. "ನಾಕ ಪಾವಟಿಗಿ ಹತ್ತಿದ್ರ ತೇಕತಾಳ್ರಿ. ಬಸರಾದ್ರ ಹಿಂಗ ಆಗ್ತದಂತಾರ. ನಾ ನಾಕ ಹಡದೀನಿ, ನನಗ ಆಗಿದ್ದಿಲ್ಲ," ಎಂದಳು. ರಕ್ತ ಕಡಿಮೆಯಿತ್ತು. ಸರ್ ಅಂಗೈ ಇಡಲಿಲ್ಲ, ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಸ್ಟೆತಾಸ್ಕೋಪು ಇಟ್ಟು ಕೇಳಿ, ಎದೆಯ ಸದ್ದು ಸರಿಯಾಗಿದೆ ಎಂದು ಬರೆದರು. ರೂಢಿಯಂತೆ ನಾನೂ ಬಟ್ಟಲು ಇಟ್ಟೆ. ಎದೆಬಡಿತದ ಎರಡು ಸದ್ದುಗಳಲ್ಲಿ ಮೊದಲನೆಯದು ಗಡುಸಾಗಿತ್ತು. ಅದರ ಹಿಂದೆ, ಬಹಳ ಕೆಳಗೆ, ಏನೋ ಗುರುಗುಟ್ಟಿದಂತೆ ಇತ್ತು. ಮೇಲೆ ಫ್ಯಾನ್ ತಿರುಗುತ್ತಿತ್ತು. ಫ್ಯಾನಿನದೇ ಇರಬೇಕು ಎಂದುಕೊಂಡೆ. ಸರ್ ಆಗಲೇ ಬರೆದಿದ್ದಾರೆ, ಎರಡು ವರ್ಷದ ಡಾಕ್ಟರು ನಾನೇನು ಹೇಳಲಿ ಎಂದುಕೊಂಡೆ. ತಲೆಯೆತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು. ಏನ ಕೇಳ್ಸಿತು ಎಂದು ಅಂದು ಅವರು ಕೇಳಲಿಲ್ಲ. ಕಬ್ಬಿಣದ ಗುಳಿಗೆ ತೆಗೆದುಕೊಂಡು ಅತ್ತೆ ಸೊಸೆ ಹೋದರು.

ಅದಾಗಿ ಮೂರು ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಹೆರಿಗೆ ನೋವು ಎಂದು ಆಕೆಯನ್ನು ಕರೆತಂದರು. ದಿನ ತುಂಬಿರಲಿಲ್ಲ. ಮಲಗಲು ಆಗುತ್ತಿರಲಿಲ್ಲ, ಕುಳಿತೇ ಉಸಿರಾಡುತ್ತಿದ್ದಳು. ನಾನು ಕೇಳಿದೆ. ಈ ಸಲ ಅನುಮಾನವಿರಲಿಲ್ಲ. ಕವಾಟ ಬಿಗಿ. ಸರ್ ಓಡಿ ಬಂದರು. ಯಾರನ್ನೂ ನೋಡದೆ ಅಂಗೈ ಇಟ್ಟರು. ಆಮೇಲೆ ಸ್ಟೆತಾಸ್ಕೋಪು ಇಟ್ಟರು, ಜಾಗ ಬದಲಿಸಿದರು, ಮತ್ತೆ ಇಟ್ಟರು.

"ನಿಮಗ ಕೇಳ್ಸಾಕತ್ತದೇನು?" ಎಂದು ನನ್ನನ್ನು ಕೇಳಿದರು.

"ಹೌದು ಸರ್."

"ಜೋರ ಅದ?"

"ಜೋರ ಅದ ಸರ್."

"ನನ್ನ ಕೈಗೆ ಹತ್ತಾಕತ್ತದ. ಕಿವಿಗೆ ಹತ್ತವಲ್ದು," ಎಂದರು. ಸ್ಟೆತಾಸ್ಕೋಪನ್ನು ಕೊರಳಿನಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಆಕೆಯನ್ನು ಕಲಬುರಗಿಗೆ ಕಳಿಸುವಷ್ಟು ಹೊತ್ತು ಸಿಗಲಿಲ್ಲ. ಹೆರಿಗೆ ಆಯಿತು, ಹೆಣ್ಣು ಮಗು, ಅತ್ತಿತು. ಹೆರಿಗೆಯಾದ ಕೂಡಲೇ ಹೃದಯಕ್ಕೆ ರಕ್ತ ಒಮ್ಮೆಲೇ ನುಗ್ಗುತ್ತದೆ. ಬಿಗಿದ ಕವಾಟ ಅಷ್ಟನ್ನು ದಾಟಿಸಲಾರದು, ಅದು ಹಿಂದಕ್ಕೆ, ಪುಪ್ಪುಸಕ್ಕೆ ತುಂಬಿಕೊಳ್ಳುತ್ತದೆ. ಇಂಜೆಕ್ಷನ್ ಕೊಟ್ಟೆವು, ಆಮ್ಲಜನಕ ಹಚ್ಚಿದೆವು. ಆಂಬುಲೆನ್ಸಿನಲ್ಲಿ ನಾನು ಜೊತೆಗೆ ಹೋದೆ. ದಾರಿಯ ನಡುವೆ ಆಕೆ ಹೋದಳು. ಹೊರಗೆ ತೊಗರಿ ಹೊಲಗಳಿದ್ದವು. ಎಷ್ಟು ಗಂಟೆ ಎಂದು ನೋಡಿ ಬರೆದುಕೊಂಡೆ. ಅಂದಿನಿಂದ ನನ್ನೊಳಗೆ ಏನೋ ನಿಂತಿತು ಎಂದು ಹೇಳಿದರೆ ದೊಡ್ಡ ಮಾತಾಗುತ್ತದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದೆ, ಅಷ್ಟೇ.

ಸರ್ ಮರುವಾರ ಕಿವಿ ತೋರಿಸಿಕೊಂಡು ಬಂದರು. ಮೇಲಿನವರಿಗೆ ಪತ್ರ ಬರೆದು, ಇನ್ನು ಎದೆ ಪರೀಕ್ಷೆ ಮಾಡುವುದಿಲ್ಲ ಎಂದರು. ಆಮೇಲೆ, "ಆ ಮನಿಗೆ ಹೋಗಬೇಕು. ನೀವು ಬರ್ತೀರೇನು?" ಎಂದು ನನ್ನನ್ನು ಕೇಳಿದರು. ಹೋದೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಕೂಸಿಗೆ ಹತ್ತಿಯ ಬತ್ತಿಯಿಂದ ಹಾಲು ಹಿಂಡುತ್ತಿದ್ದಳು. ಸರ್ ಅಂಗಳದಲ್ಲಿ ನಿಂತೇ ಹೇಳಿದರು.

"ಅವ್ವಾ, ನಿಮ್ಮ ಸೊಸಿದು ಎದಿ ಬ್ಯಾನಿ ಇತ್ತು. ಐದ ತಿಂಗಳಿದ್ದಾಗ ನೀವು ಕರ್ಕೊಂಡ ಬಂದಾಗ ನಾ ಹಿಡೀಬೇಕಾಗಿತ್ತು. ನನ್ನ ಕಿವಿ ಕೆಟ್ಟಿತ್ತು. ಕೈ ಇಟ್ಟಿದ್ರ ಗೊತ್ತಾಗ್ತಿತ್ತು, ಇಡ್ಲಿಲ್ಲ. ತಪ್ಪು ನನ್ನದು."

ಆಕೆ ಬತ್ತಿಯನ್ನು ಮತ್ತೊಮ್ಮೆ ಹಾಲಿನಲ್ಲಿ ಅದ್ದಿದಳು. "ಹೇಳಾಕ ಬಂದಿದ್ರಿ. ಹೇಳಿದ್ರಿ. ಹೋಗ್ರಿ," ಎಂದಳು.

ನಾನು ಅವರ ಹಿಂದೆ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ನಿವೃತ್ತಿಗೆ ಆರು ತಿಂಗಳಿತ್ತು. ಆ ಆರು ತಿಂಗಳು ಸರ್ ಮಾಡಿದ ಕೆಲಸವನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಕಳೆದ ಒಂದೂವರೆ ವರ್ಷದ ರಿಜಿಸ್ಟರುಗಳನ್ನು ತೆಗೆಸಿ, ದಮ್ಮು, ದಣಿವು, ಎದೆಬಡಿತ ಎಂದು ಬಂದವರಲ್ಲಿ ತಾವು ಸರಿಯಿದೆ ಎಂದು ಕಳಿಸಿದವರ ಹೆಸರುಗಳನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿದರು. ಫೋನ್ ಮಾಡಿ ಕರೆಸಿದರು. ಬಾರದವರ ಮನೆಗೆ ರವಿವಾರ ನಾವೇ ಹೋದೆವು. ಅವರು ಪ್ರಶ್ನೆ ಕೇಳಿ ಅಂಗೈ ಇಡುತ್ತಿದ್ದರು, ನಾನು ಕೇಳುತ್ತಿದ್ದೆ. ಕೈಗೆ ಏನು ಹತ್ತಿತು ಎಂದು ಅವರು ಮೊದಲು ಹೇಳುತ್ತಿರಲಿಲ್ಲ. "ಮೊದಲ ನೀವು ಹೇಳ್ರಿ," ಎನ್ನುತ್ತಿದ್ದರು. ಸರಸಂಬಾದಲ್ಲಿ ಒಬ್ಬ ಟೇಲರ್ ಸಿಕ್ಕ. ಹೊಲಿಗೆ ಯಂತ್ರ ತುಳಿದು ಮಧ್ಯಾಹ್ನಕ್ಕೇ ಸುಸ್ತಾಗುತ್ತಿದ್ದವನು. ಮೊದಲ ಸದ್ದು ಸಣ್ಣದು, ಸುಂಯ್ ಎನ್ನುವುದು ಬಗಲಿನವರೆಗೂ ಹೋಗುತ್ತಿತ್ತು. ಕವಾಟ ಸೋರುತ್ತಿತ್ತು. ಅಂದೋಲಾ ಕಡೆಯ ಒಬ್ಬ ಕಾಲೇಜು ಹುಡುಗಿಗೆ ಎದೆ ದಡದಡ ಎನ್ನುತ್ತದೆಂದು ಮನೆಯವರು ದೆವ್ವ ಬಿಡಿಸಿಕೊಂಡು ಬಂದಿದ್ದರು. ಕುಕ್ಕರಗಾಲಿನಲ್ಲಿ ಕೂರಿಸಿ ನಿಲ್ಲಿಸಿದಾಗ ಆ ಟಕ್ ಸದ್ದು ಇನ್ನೂ ಬೇಗ ಬಂತು, ಪಡದಿ ಜೋತಿತ್ತು. ಅಂಜುವಂಥದ್ದಲ್ಲ ಎಂದು ಸರ್ ಅವಳ ತಂದೆಗೆ ಮೂರು ಸಲ ಹೇಳಿದರು. ಅಫಜಲಪುರದ ಕಡೆಗೆ ನಾಲ್ಕು ಊರು ತಿರುಗಿದೆವು, ಕೆಟ್ಟ ಕವಾಟ ಒಂದೂ ಸಿಗಲಿಲ್ಲ. ಅಂದು ಸರ್ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಮಿರ್ಚಿ ಭಜಿ ಕೊಡಿಸಿದರು.

ಆ ಬಸ್ಸಿನಲ್ಲೇ ನಾನು ಹೇಳಿದೆ. "ಸರ್, ಆ ಹುಡುಗಿ ಬಂದ ಮೊದಲ್ನೇ ದಿನ ನನಗ ಸಪ್ಪಳ ಕೇಳ್ಸಿತ್ತು."

ಅವರು ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. ಒಂದು ಊರು ದಾಟಿತು.

"ಗೊತ್ತದ ತಂಗಿ," ಎಂದರು. "ನಿಮ್ಮ ಬಟ್ಟಲ ಆಕಿ ಎದಿ ಮ್ಯಾಲ ಭಾಳ ಹೊತ್ತ ಇತ್ತು. ಏನೂ ಇಲ್ಲದ ಜಾಗಾದಾಗ ಯಾರೂ ಅಷ್ಟ ಹೊತ್ತ ಇಡಂಗಿಲ್ಲ. ನಾ ಕೇಳಬೇಕಾಗಿತ್ತು. ಕೇಳಿದ್ರ ನನ್ನ ಕಿವಿ ಹೋಗ್ಯಾದ ಅಂತ ಖಾತ್ರಿ ಆಗ್ತದಂತ ಅಂಜಿದೆ."

ಇನ್ನೊಂದು ಊರು ದಾಟಿತು.

"ನನಗ ಹೇಳಿದ್ರಿ, ಛಲೋ ಆತು. ಆದ್ರ ಇದನ್ನ ಹೇಳಬೇಕಾದ್ದು ನನಗಲ್ಲ."

ಅವರು ಅದನ್ನು ಮತ್ತೆಂದೂ ಎತ್ತಲಿಲ್ಲ. ನಿವೃತ್ತರಾಗಿ ನರೋಣಾಕ್ಕೆ ಹೋದರು. ಕಿವಿಗೆ ಯಂತ್ರ ಹಾಕಿಕೊಂಡರು. ನಾನು ಎರಡು ಸಲ ಹೋಗಿ ಬಂದೆ. ಮೂರನೆಯ ಸಲ ಹೋಗಬೇಕು ಎಂದುಕೊಂಡು ಹೋಗಲಿಲ್ಲ. ಎಂಟು ವರ್ಷ ಕಳೆಯಿತು.

ಮಣ್ಣಿಗೆ ಬಹಳ ಜನ ಬಂದಿದ್ದರು. ಬಿಳಿ ಬಟ್ಟೆ ತೊಟ್ಟವರು ಬುದ್ಧನ ಪಟದ ಮುಂದೆ ವಂದನೆ ಹೇಳಿದರು. ಸರಸಂಬಾದ ಟೇಲರ್ ಬಂದಿದ್ದ, ಆಪರೇಷನ್ ಆಗಿದೆ ಎಂದ. ಸರ್ ಮುಖ ನೋಡಿದೆ. ಗಲ್ಲ ಇಳಿದಿತ್ತು. ನನಗೆ ಅಳು ಬರಲಿಲ್ಲ. ಬೇವಿನ ಗಿಡದ ನೆರಳಿಗೆ ಹೋಗಿ ನಿಂತೆ. ಅಲ್ಲಿ ಒಬ್ಬ ಮುದುಕಿ ಏಳೆಂಟು ವರ್ಷದ ಹುಡುಗಿಯ ಕೈ ಹಿಡಿದು ಕುಳಿತಿದ್ದಳು. ನನಗಿಂತ ಮೊದಲು ಆಕೆಯೇ ಗುರುತು ಹಿಡಿದಳು.

"ಗಾಡ್ಯಾಗ ನನ್ನ ಸೊಸಿ ಜೋಡಿ ಹೋಗಿದ್ರಿ ನೀವು."

"ಹೌದ್ರಿ."

"ನಮ್ಮ ಅಂಗಳದಾಗ ನಿಂತು ನನ್ನ ತಪ್ಪು ಅಂದಂವ ಇಂವ ಒಬ್ಬನ. ಹೋಗ್ರಿ ಅಂದಿದ್ದೆ. ಅದಕ್ಕ ಬಂದೆ."

ಆಗ ಹೇಳಿದೆ. ಹೇಳಬೇಕೆಂದು ನಿರ್ಧಾರ ಮಾಡಿ ಹೇಳಿದ್ದಲ್ಲ. "ಅವ್ವಾ, ಮೊದಲ್ನೇ ಸಲ ಕರ್ಕೊಂಡ ಬಂದಾಗ ಸರ್‌ಗ ಕೇಳ್ಸಿರಲಿಲ್ಲ. ನನಗ ಕೇಳ್ಸಿತ್ತು. ನಾ ಹೇಳಲಿಲ್ಲ."

ಆಕೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟು ಇತ್ತೋ ಇಲ್ಲವೋ ಹೇಳಲಾರೆ.

"ಎಂಟ ವರ್ಷ ಎಲ್ಲಿದ್ದಿ ಬೇ?"

"ಕಲಬುರಗ್ಯಾಗ."

"ತಾಸಿನ ಹಾದಿ," ಎಂದಳು. ಜನ ಚದುರುವಾಗ ಎದ್ದು, ಸೀರೆ ಕೊಡವಿಕೊಂಡು, ಹುಡುಗಿಯನ್ನು ಮುಂದಕ್ಕೆ ತಳ್ಳಿದಳು. "ಈಕಿನೂ ಓಡಿದ್ರ ತೇಕತಾಳ. ಸೋಮವಾರ ನಿನ್ನ ದವಾಖಾನಿಗೆ ಕರ್ಕೊಂಡ ಬರ್ತೇನಿ. ಕೇಳ್ಸಿದ್ದು ಕೇಳ್ಸಿದಂಗ ಹೇಳು."

ಸೋಮವಾರ ಬಂದಳು. ಹುಡುಗಿಯನ್ನು ಮಲಗಿಸಿ ಕೇಳಿದೆ, ಎಡಕ್ಕೆ ಹೊರಳಿಸಿ ಕೇಳಿದೆ, ಕೂರಿಸಿ ಕೇಳಿದೆ. ಆಮೇಲೆ ಮಾಡಿಸಿದ ಎಕೋದಲ್ಲೂ ಕವಾಟ ಸರಿಯಾಗಿಯೇ ಇತ್ತು. ತಂಪು ದಿನಗಳಲ್ಲಿ ಬರುವ ದಮ್ಮು, ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಸಾಕಾಯಿತು. ಆದರೆ ಆ ಗಳಿಗೆಯಲ್ಲಿ ನನ್ನ ಬಳಿ ನನ್ನ ಮಾತು ಮಾತ್ರ ಇತ್ತು.

"ಎದ್ಯಾಗ ಏನೂ ಇಲ್ರಿ," ಎಂದೆ.

ಮುದುಕಿ ಕುರ್ಚಿಯಿಂದ ಎದ್ದು ಬಂದಳು. "ನನಗ ಕೇಳಸು."

ಸ್ಟೆತಾಸ್ಕೋಪನ್ನು ಆಕೆಯ ಕಿವಿಗೆ ಹಾಕಿದೆ. ಮೊಮ್ಮಗಳ ಎದೆಯ ಮೇಲೆ ಜಾಗ ತೋರಿಸಿದೆ. ಆಕೆ ಸೆರಗು ಹಿಂದಕ್ಕೆ ಸರಿಸಿ, ಬಾಗಿ ಕೇಳಿದಳು.

"ಎರಡ ಸಪ್ಪಳ ಬರ್ತಾವ."

"ಎರಡ ಇರಬೇಕ್ರಿ."

"ಈಕಿ ಅವ್ವಗ?"

"ಮೂರ್ನೇದೊಂದು ಇತ್ರಿ."

ಆಕೆ ತಲೆಯಾಡಿಸಿದಳು. ಸ್ಟೆತಾಸ್ಕೋಪು ತೆಗೆಯಲಿಲ್ಲ. ಹೊರಗೆ ಸರದಿ ಬಾಗಿಲಿನವರೆಗೂ ಬಂದಿತ್ತು. ಮುಂದಿನವರನ್ನು ಕರೆಯಲು ಬಂದ ನರ್ಸಿಗೆ ತಡೆಯಲು ಹೇಳಿ, ಆಕೆ ಕೇಳಿ ಮುಗಿಸುವವರೆಗೆ ನಿಂತುಕೊಂಡೆ.